‘ಹೇಗೋ ಹೊಂದಿಕೊಳ್ಳುತ್ತಾರೆ’ ಎಂಬ ನಮ್ಮ ಸಮಾಧಾನ



ಕಳೆದ ಮಳೆಗಾಲದ ಒಂದು ಸಂಜೆ ಬೆಳಗಾವಿ ನಗರದ ಒಂದು ಮನೆಯಲ್ಲಿ ಕಿರುಸಮುದಾಯದ ಪ್ರಾರ್ಥನೆ ಮುಗಿಸಿ ನಾವು ಹತ್ತು ಹನ್ನೆರಡು ಮಂದಿ ಚಹಾ ಕುಡಿಯುತ್ತ ಕುಳಿತಿದ್ದೆವು. ಮಾತು ಮನೆಗೆಲಸದವರ ಕಡೆಗೆ ಹೊರಳಿತು. “ಸರಕಾರ ತಿಂಗಳಿಗೆ ಎರಡು ಸಾವಿರ ಕೊಡುತ್ತದೆ, ಅಕ್ಕಿ ಕೊಡುತ್ತದೆ, ಬಸ್ಸಿಗೆ ಟಿಕೆಟಿಲ್ಲ. ಇನ್ನು ಇವರು ಯಾಕೆ ದುಡಿಯುತ್ತಾರೆ ಫಾದರ್?” ಎಂದರು ಒಬ್ಬ ಹಿರಿಯರು. ಆ ಮಾತಿನ ಕಾಠಿಣ್ಯವನ್ನು ತಗ್ಗಿಸಲೆಂದೋ ಏನೋ, ಮನೆಯೊಡತಿ ಹೀಗೆಂದರು: “ಹಾಗನ್ನಬೇಡಿ, ಪಾಪ. ಎಂಥ ಕಷ್ಟ ಬಂದರೂ ಇವರು ಹೇಗೋ ಹೊಂದಿಕೊಳ್ಳುತ್ತಾರೆ. ನಮ್ಮಿಂದ ಆಗದು ನೋಡಿ.” ಎಲ್ಲರೂ ತಲೆದೂಗಿದರು. ನಾನೂ ತಲೆದೂಗಿದೆ.

ಒಳಗೆ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ ಹೆಣ್ಣುಮಗಳಿಗೆ ಈ ಎರಡೂ ಮಾತುಗಳು ಕೇಳಿಸಿದ್ದವು. ಗೇಟಿನ ಬಳಿ ಎದುರಾದಾಗ ನಾನು ಸಂಕೋಚದಿಂದ ಏನೋ ಹೇಳಹೊರಟೆ. ಆಕೆ ನಕ್ಕು, “ಇರ್ಲಿ ಬಿಡ್ರಿ ಫಾದರ್. ಹೊಂದ್ಕೊಂಡ ಹೋಗ್ಬೇಕ್ರಿ, ಇಲ್ಲಂದ್ರ ಏನ್ ಮಾಡೋದ್ರಿ?” ಎಂದಳು.

ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ‘ಸೋಮಾರಿಗಳಾಗಿದ್ದಾರೆ’ ಎಂಬ ನಿಂದೆಗೂ ‘ಹೊಂದಿಕೊಳ್ಳುತ್ತಾರೆ’ ಎಂಬ ಹೊಗಳಿಕೆಗೂ ಬೇರು ಒಂದೇ ಎಂದು ನನಗನ್ನಿಸುತ್ತದೆ. ನಾವು ಮಾಡಬೇಕಾದದ್ದು ಏನೂ ಉಳಿದಿಲ್ಲ ಎಂಬ ಸಮಾಧಾನವನ್ನು ಎರಡೂ ನಮಗೆ ಕೊಡುತ್ತವೆ. ನಿಂದೆಯ ಮಾತು ಒರಟಾದುದರಿಂದ ಅದನ್ನು ಗುರುತಿಸುವುದು ಸುಲಭ. ಕರುಣೆಯ ಉಡುಪು ತೊಟ್ಟು ಬರುವ ಹೊಗಳಿಕೆಯೇ ಹೆಚ್ಚು ಅಪಾಯಕಾರಿ. ಅದರ ವಿರುದ್ಧವೇ ಈ ಬರಹ.

ಎರಡು ಒಲೆ, ಒಂದು ಗಂಟು

ಆಕೆಯ ಊರು ಹುಕ್ಕೇರಿ ತಾಲೂಕಿನ ದಡ್ಡಿ. ಮಹಾರಾಷ್ಟ್ರದ ಗಡಿಗೆ ಸಮೀಪದ, ಕನ್ನಡ ಮರಾಠಿ ಎರಡೂ ನಾಲಗೆಯ ಮೇಲಿರುವ, ಘಟಪ್ರಭೆಯ ದಂಡೆಯ ಊರು. 1977ರಲ್ಲಿ ಪೂರ್ಣಗೊಂಡ ಹಿಡಕಲ್ ಜಲಾಶಯಕ್ಕೆ ನೀರು ಹರಿದುಬರುವ ದಾರಿಯಲ್ಲಿದೆ. ಆ ಜಲಾಶಯದ ನೀರು ಕೆಳಗಿನ ಎಷ್ಟೋ ಹೊಲಗಳನ್ನು ಹಸಿರಾಗಿಸಿದೆ. ಈಕೆಯ ಮನೆತನಕ್ಕೆ ಉಳಿದಿರುವುದು ಮಳೆಯನ್ನೇ ನೆಚ್ಚಿದ ಒಂದು ತುಂಡು ಹೊಲ. ಅದು ಮೂರು ತಿಂಗಳಿಗಿಂತ ಹೆಚ್ಚು ಕಾಲ ಮನೆಯನ್ನು ಸಾಕದು. ಆದುದರಿಂದ ಮದುವೆಯಾದ ಕೆಲವೇ ವರ್ಷಗಳಲ್ಲಿ ಗಂಡಹೆಂಡಿರು ಬೆಳಗಾವಿಗೆ ಬಂದರು. ಒಂದು ಕೋಣೆಯ ಬಾಡಿಗೆ ಮನೆ, ಎರಡು ಮಕ್ಕಳು. ಗಂಡ ಉದ್ಯಮಬಾಗದ ಕಡೆ ಫೌಂಡ್ರಿಯಲ್ಲಿ ಗುತ್ತಿಗೆದಾರನ ಕೈಕೆಳಗಿನ ಕೂಲಿ. ಈಕೆಗೆ ಮೂರು ಮನೆಗಳ ಕಸ, ಮುಸುರೆ, ಬಟ್ಟೆ.

ಇಷ್ಟೇ ಆಗಿದ್ದರೆ ಆ ಸಂಸಾರ ಎಂದೋ ಮುಳುಗುತ್ತಿತ್ತು. ಅದು ತೇಲುತ್ತಿರುವುದು ದಡ್ಡಿಯ ಒಲೆ ಇನ್ನೂ ಆರಿಲ್ಲವಾದ್ದರಿಂದ. ಅಲ್ಲಿ ಅತ್ತೆ ಇದ್ದಾಳೆ. ಸುಗ್ಗಿಯ ನಂತರ ಅಲ್ಲಿಂದ ಅಕ್ಕಿಯ ಚೀಲ, ಶೇಂಗಾದ ಗಂಟು ಬಸ್ಸಿನಲ್ಲಿ ಬರುತ್ತದೆ. ಇಲ್ಲಿಂದ ಮಾತ್ರೆ, ಚಹಾಪುಡಿ, ಮೊಮ್ಮಕ್ಕಳ ಹಳೆಯ ಬಟ್ಟೆ ಹೋಗುತ್ತದೆ. ಕಳೆ ತೆಗೆಯುವ ಕಾಲದಲ್ಲಿ ಈಕೆ ಶನಿವಾರ ಸಂಜೆಯ ಬಸ್ಸು ಹಿಡಿದು ಹೋಗಿ, ಭಾನುವಾರವೆಲ್ಲ ಹೊಲದಲ್ಲಿ ಬಗ್ಗಿ, ಸೋಮವಾರ ಬೆಳಗಿನ ಬಸ್ಸಿಗೆ ಮರಳಿ, ಅಲ್ಲಿಂದಲೇ ನೇರವಾಗಿ ನಿಮ್ಮ ಮನೆಯ ಪಾತ್ರೆಗಳ ಮುಂದೆ ಕುಳಿತುಕೊಳ್ಳುತ್ತಾಳೆ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯ ಉಚಿತ ಪ್ರಯಾಣವನ್ನು ಆಕೆ ಬಳಸುವುದು ಹೀಗೆ. ಅದರಲ್ಲಿ ಸೋಮಾರಿತನದ ಸುಳಿವು ಎಲ್ಲಿದೆಯೆಂದು ನೀವೇ ಹೇಳಿ.

ಇನ್ನು ಆ ಎರಡು ಸಾವಿರದ ಮಾತು. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ‘ಗೃಹಲಕ್ಷ್ಮಿ’ ಹಣ ಸಲ್ಲುವುದು ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ನಮೂದಾದ ಹೆಣ್ಣುಮಗಳಿಗೆ. ಈ ಮನೆಯಲ್ಲಿ ಆ ಯಜಮಾನಿ ದಡ್ಡಿಯ ಅತ್ತೆ. ಚಹಾ ಕುಡಿಯುತ್ತ ನಾವು ಯಾರ ಮಡಿಲಿಗೆ ಎರಡು ಸಾವಿರ ಹಾಕಿ ನಿಂದಿಸಿದೆವೋ ಆಕೆಯ ಕೈಗೆ ಅದು ನೇರವಾಗಿ ಬರುವುದೇ ಇಲ್ಲ. ಬಂದಿದ್ದರೂ ಅದು ದಿನಕ್ಕೆ ಸುಮಾರು 66 ರೂಪಾಯಿ. ಅರವತ್ತಾರು ರೂಪಾಯಿಗೆ ಕೆಲಸ ಬಿಟ್ಟು ಕಾಲು ಚಾಚಿ ಮಲಗಬಲ್ಲ ಸಂಸಾರ ನಮ್ಮ ನಗರದ ಯಾವ ಓಣಿಯಲ್ಲಿದೆ?

ಬೆಲೆ ತೆತ್ತವರು ಯಾರು?

ಇದೆಲ್ಲ ಜಾಣತನವಲ್ಲವೇ, ಮೆಚ್ಚಬಾರದೇ ಎಂದು ನೀವು ಕೇಳಬಹುದು. ಜಾಣತನ ಹೌದು. ಆದರೆ ಪ್ರತಿಯೊಂದು ಹೊಂದಾಣಿಕೆಗೂ ಒಂದು ಬೆಲೆಯಿದೆ. ಅದನ್ನು ಯಾರೋ ಒಬ್ಬರು ತೆರುತ್ತಾರೆ. ಯಾರೆಂದು ವಿಚಾರಿಸದೆ ಮೆಚ್ಚುವುದು ಪ್ರಾಮಾಣಿಕತೆಯಲ್ಲ.

ಮೊದಲು ತೆರುವವಳು ಹೆಣ್ಣು. ಕೇಂದ್ರ ಸರಕಾರವು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಹಾಗೆ ತೊಡಗುವ ಪುರುಷರು ಕೊಡುತ್ತಿದ್ದುದು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಆ ಅಂಕಿಗಳು 289 ಮತ್ತು 88. ಅಂದರೆ ಐದು ವರ್ಷಗಳಲ್ಲಿ ಹೆಣ್ಣಿನ ಹೊರೆ ಹತ್ತು ನಿಮಿಷ ಇಳಿಯಿತು, ಗಂಡಿನದೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ನಮ್ಮ ಮೂರು ಮನೆಗಳ ಮುಸುರೆ ಮುಗಿಸಿ ಹೋದವಳಿಗೆ ತನ್ನ ಮನೆಯ ಮುಸುರೆ ಕಾದಿರುತ್ತದೆ. ಸಾಬೂನಿನ ನೀರಿಗೆ ಬೆರಳ ಸಂದುಗಳು ಬಿರಿದಿದ್ದರೂ, ಸೊಂಟ ನೋಯುತ್ತಿದ್ದರೂ ಒಂದು ದಿನದ ರಜೆ ಕೇಳಲು ಆಕೆ ಹೆದರುತ್ತಾಳೆ. ಕಾರಣ, ರಜೆ ಕೇಳಿದರೆ ಸಂಬಳ ಕತ್ತರಿಸುವವರು ನಾವು.

ಎರಡನೆಯದಾಗಿ ತೆರುವವರು ಮಕ್ಕಳು. 2020ರ ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿದ್ದಾಗ ಫೌಂಡ್ರಿ ನಿಂತಿತು. ಮೂರು ಮನೆಗಳಲ್ಲಿ ಎರಡು ಮನೆಯವರು, ‘ರೋಗ ತರುತ್ತೀಯೆ, ಬರಬೇಡ’ ಎಂದರು. ಬಾರದ ದಿನಗಳಿಗೆ ಸಂಬಳ ಕೊಟ್ಟವರು ಒಬ್ಬರೇ. ಸಂಸಾರ ದಡ್ಡಿಗೆ ಮರಳಿತು, ಅತ್ತೆಯ ಎಮ್ಮೆ ಮಾರಾಟವಾಯಿತು, ತಾಳಿಯ ಗುಂಡುಗಳು ಒತ್ತೆ ಹೋದವು. ಎಮ್ಮೆ ಹೋದ ಮೇಲೆ ಹಾಲಿನ ಕಾಸು ಹೋಯಿತು. ಆ ಕಾಸಿನಲ್ಲಿ ನಡೆಯುತ್ತಿದ್ದ ಹಿರಿಯ ಮಗಳ ಓದು ಹತ್ತನೆಯ ತರಗತಿಗೆ ನಿಂತಿತು. ಈಗ ಆ ಹುಡುಗಿ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯಿದೆ ಮಗುವಿನ ಕೈ ಹಿಡಿಯುವುದು ಹದಿನಾಲ್ಕನೆಯ ವಯಸ್ಸಿನವರೆಗೆ. ಅದು ಕೈ ಬಿಡುವ ವಯಸ್ಸಿನಲ್ಲೇ ಬಡವರ ಮನೆಯ ಹೆಣ್ಣುಮಗು ‘ಹೊಂದಿಕೊಳ್ಳಲು’ ಆರಂಭಿಸುತ್ತದೆ. ಹೊರಗಿನಿಂದ ನೋಡುವ ನಮಗೆ, ‘ಮಗಳೂ ಕೈಕೆಲಸ ಕಲಿತಳು, ಒಳ್ಳೆಯದಾಯಿತು’ ಎನಿಸುತ್ತದೆ. ಆ ಹುಡುಗಿಗೆ ನರ್ಸ್ ಆಗುವ ಆಸೆಯಿತ್ತು.

ಮೂರನೆಯದಾಗಿ ತೆರುವುದು ನಾಳೆಯ ದಿನ. ಅದರ ಹೆಸರು ಸಾಲ. ಲಾಕ್‌ಡೌನಿನ ಬಳಿಕ ಈಕೆ ಓಣಿಯ ಹೆಂಗಸರೊಡನೆ ಗುಂಪು ಕಟ್ಟಿ ಕಿರುಸಾಲ ತೆಗೆದಳು. ಒಂದರ ಕಂತು ತುಂಬಲು ಇನ್ನೊಂದು. ಅದನ್ನು ತೀರಿಸಲು ಮತ್ತೊಂದು. ಈ ಸಾಲಕ್ಕೆ ಜಾಮೀನು ಬೇಡ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಅಂದರೆ ನೆರೆಯವರ ನಡುವಿನ ವಿಶ್ವಾಸವೇ ಇಲ್ಲಿ ಒತ್ತೆ. ತಿಂಗಳ ಕಂತುಗಳ ಒಟ್ಟು ಹೊರೆ ಕುಟುಂಬದ ಆದಾಯದ ಅರ್ಧವನ್ನು ಮೀರಕೂಡದೆಂದು ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಿಂದ ನಿಯಮ ಮಾಡಿದೆ. ಅರ್ಧ! ನಮ್ಮ ನಿಮ್ಮ ಮನೆಗಳಲ್ಲಿ ಆದಾಯದ ಅರ್ಧ ಸಾಲಕ್ಕೆ ಹೋದರೆ ಉಳಿದರ್ಧದಲ್ಲಿ ಬದುಕು ಸಾಗೀತು. ಬಾಡಿಗೆ, ಅಕ್ಕಿ, ಔಷಧಿಗೇ ಪೂರ್ಣ ಆದಾಯ ಸಾಲದವಳಿಗೆ ಉಳಿದರ್ಧ ಏನು ಮಾಡೀತು? ವಸೂಲಿಗೆ ಬಂದವರ ಕಾಟ ರಾಜ್ಯದಾದ್ಯಂತ ಎಷ್ಟು ಬೆಳೆಯಿತೆಂದರೆ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಾನೂನು ಬಂದದ್ದು ಒಳ್ಳೆಯದು. ಆದರೆ ಕಾನೂನು ತಡೆಯುವುದು ಬಾಗಿಲು ಬಡಿಯುವ ಕೈಯನ್ನು. ಸಾಲಕ್ಕೆ ಕೈಯೊಡ್ಡಿಸಿದ ಅರೆಹೊಟ್ಟೆಯ ಸಂಬಳವನ್ನಲ್ಲ.

ದೂರದ ದೇಶದ ಒಂದು ಪಾಠ

ಈ ವಿಚಾರದಲ್ಲಿ ನನ್ನ ಕಣ್ಣು ತೆರೆಸಿದ್ದು ಮೆಕ್ಸಿಕೋ ದೇಶದ ಒಬ್ಬ ವಿದುಷಿಯ ಬದಲಾದ ನಿಲುವು. ಮೆರ್ಸೆಡಿಸ್ ಗೊನ್ಸಾಲೆಸ್ ದೆ ಲಾ ರೊಚಾ ಎಂಬ ಈ ಮಾನವಶಾಸ್ತ್ರಜ್ಞೆ ಗ್ವಾದಲಹಾರ ನಗರದ ದುಡಿಯುವ ಕುಟುಂಬಗಳ ನಡುವೆ ವರ್ಷಗಟ್ಟಲೆ ಅಧ್ಯಯನ ಮಾಡಿದವರು. 1982ರಲ್ಲಿ ಆ ದೇಶ ವಿದೇಶಿ ಸಾಲದ ಬಿಕ್ಕಟ್ಟಿಗೆ ಸಿಲುಕಿ ಕೂಲಿಯ ಬೆಲೆ ಕುಸಿದಾಗ ಬಡವರು ಹೇಗೆ ಉಳಿದುಕೊಂಡರೆಂಬುದನ್ನು ಅವರು ಕಂಡರು: ಮನೆಯ ಹೆಚ್ಚು ಮಂದಿ, ಅದರಲ್ಲೂ ಹೆಂಗಸರು, ದುಡಿಮೆಗೆ ಇಳಿದರು, ಊಟ ಬಟ್ಟೆ ಕಡಿಮೆ ಮಾಡಿದರು, ಬಂಧುಗಳು ಒಂದೇ ಸೂರಿನಡಿ ಕೂಡಿದರು, ನೆರೆಹೊರೆಯವರು ಒಬ್ಬರಿಗೊಬ್ಬರು ಆದರು. 1994ರಲ್ಲಿ ಹೊರಬಂದ ಅವರ ಪುಸ್ತಕಕ್ಕೆ ‘ಬಡತನದ ಸಂಪನ್ಮೂಲಗಳು’ ಎಂಬ ಅರ್ಥದ ಹೆಸರಿತ್ತು. ದಡ್ಡಿಯ ಈ ಸಂಸಾರದ ಕತೆಯೂ ಅದೇ ಅಲ್ಲವೇ?

ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ತೊಂಬತ್ತರ ದಶಕದಲ್ಲಿ ಖಾಯಂ ಕೆಲಸಗಳೇ ಕರಗತೊಡಗಿದ ಮೇಲೆ ಅವೇ ಬಗೆಯ ಕುಟುಂಬಗಳನ್ನು ಮತ್ತೆ ನೋಡಿದರು. ಹಳೆಯ ಜಾಣತನ ನಡೆಯುತ್ತಿರಲಿಲ್ಲ. ದುಡಿಮೆಗೆ ಇಳಿಯಲು ಮನೆಯಲ್ಲಿ ಕೈಗಳಿದ್ದವು, ಕೆಲಸವಿರಲಿಲ್ಲ. ನೆರೆಯವರಿಗೆ ಕೊಡಲು ಏನೂ ಇಲ್ಲದವರು ನೆರೆಯವರಿಂದ ಪಡೆಯಲು ನಾಚಿ ಒಂಟಿಯಾದರು. 2001ರಲ್ಲಿ ಅವರು ತಮ್ಮದೇ ಪುಸ್ತಕದ ಹೆಸರನ್ನು ತಿರುಗಿಸಿ, ಬಡತನದ ಸಂಪನ್ಮೂಲಗಳಿಂದ ಸಂಪನ್ಮೂಲಗಳ ಬಡತನದ ಕಡೆಗೆ ಸಾಗುತ್ತಿದ್ದೇವೆಯೇ ಎಂದು ಪ್ರಶ್ನಿಸಿದರು. ಬಡವರು ಎಂಥ ಪೆಟ್ಟನ್ನೂ ತಾಳಿಕೊಳ್ಳಬಲ್ಲರೆಂಬುದು ಒಂದು ಮಿಥ್ಯೆ. ಅವರ ಜಾಣತನದ ಬುನಾದಿ ನಿಯತವಾಗಿ ಬರುವ ಕೂಲಿ. ಬುನಾದಿ ಕಿತ್ತರೆ ಮೇಲಿನದೆಲ್ಲ ಕುಸಿಯುತ್ತದೆ. ಇದು ಅವರ ವಾದದ ಸಾರ. ತಾನು ಮೆಚ್ಚಿದ್ದನ್ನು ಮತ್ತೊಮ್ಮೆ ಪರೀಕ್ಷಿಸಿ ತಿದ್ದಿಕೊಂಡ ಆ ಧೈರ್ಯ ನಮಗೂ ಬೇಕು.

ನಮ್ಮ ಸೀಮೆಯನ್ನೇ ನೋಡಿ. ಇದೇ ಘಟಪ್ರಭೆ ಧುಮುಕುವಲ್ಲಿ 1887ರಲ್ಲಿಯೇ ಜಲವಿದ್ಯುತ್ ಹುಟ್ಟಿತು; ಗೋಕಾಕ ಫಾಲ್ಸಿನ ನೂಲಿನ ಗಿರಣಿ ಸುತ್ತಣ ಹಳ್ಳಿಗಳ ತಲೆಮಾರುಗಳಿಗೆ ಅನ್ನ ಕೊಟ್ಟಿತು. ಗಿರಣಿಯ ದುಡಿಮೆ ಸುಖದ್ದೇನೂ ಆಗಿರಲಿಲ್ಲ. ಆದರೂ ಇಂಥ ಕಾರ್ಖಾನೆಗಳ ಹಾಜರಿ ಪುಸ್ತಕದಲ್ಲಿ ಹೆಸರಿದ್ದವನಿಗೆ ತಿಂಗಳ ಸಂಬಳದ ದಿನ ಗೊತ್ತಿರುತ್ತಿತ್ತು. 1948ರ ರಾಜ್ಯ ವಿಮಾ ಕಾಯಿದೆ, 1952ರ ಭವಿಷ್ಯನಿಧಿ ಕಾಯಿದೆಗಳ ಆಸರೆಯಿತ್ತು. ಇಂದು ವಡಗಾವಿ, ಖಾಸಬಾಗ, ಶಹಾಪುರಗಳ ವಿದ್ಯುತ್ ಮಗ್ಗಗಳ ಮುಂದೆ ನಿಂತವನಿಗೆ ಸೀರೆಯ ಲೆಕ್ಕದಲ್ಲಿ ಮಜೂರಿ. ಕರೆಂಟು ಹೋದರೆ, ನೂಲು ಬಾರದಿದ್ದರೆ, ಮಾರುಕಟ್ಟೆ ಬಿದ್ದರೆ ಆ ದಿನದ ಕೂಲಿಯೂ ಇಲ್ಲ. ಈಕೆಯ ಗಂಡನಿಗೆ ತನ್ನ ಹೆಸರು ಯಾವ ಪುಸ್ತಕದಲ್ಲಿದೆಯೆಂದು ತಿಳಿಯದು. ಇಂಥವರ ಮೇಲೆಯೇ 2016ರ ನೋಟು ರದ್ದತಿ, 2019ರ ಆಗಸ್ಟ್‌ನ ನೆರೆ, 2020ರ ಬೀಗ ಒಂದರ ಹಿಂದೊಂದು ಬಂದವು. ನೆರೆಯಲ್ಲಿ ಗೋಕಾಕ ಪಟ್ಟಣದ ಮನೆಗಳಿಗೆ ನದಿ ನುಗ್ಗಿದಾಗ ಪಾತ್ರೆಪಗಡ ಕಳೆದುಕೊಂಡವರು ಪಾತ್ರೆ ಕೊಂಡು ಮುಗಿಸುವಷ್ಟರಲ್ಲಿ ಕೆಲಸವನ್ನೇ ಕಳೆದುಕೊಂಡಿದ್ದರು. ಪ್ರತಿ ಸಲವೂ ನಾವು ‘ಮತ್ತೆ ಎದ್ದು ನಿಂತರು’ ಎಂದೆವು. ಪ್ರತಿ ಸಲವೂ ಎದ್ದದ್ದು ಹಿಂದಿನದಕ್ಕಿಂತ ಒಂದು ಮೆಟ್ಟಿಲು ಕೆಳಗೆ.

‘ಜಾತ್ರೆಗೆ ಸಾಲ ಮಾಡುತ್ತಾರೆ’

ನನ್ನ ಮಾತಿಗೆ ಬರಬಹುದಾದ ಒಂದು ಆಕ್ಷೇಪಣೆಯನ್ನು ಬಲ್ಲೆ. “ಇವರಿಗೆ ಉಳಿಸುವ ಬುದ್ಧಿಯಿಲ್ಲ ಫಾದರ್. ಜಾತ್ರೆ ಬಂತೆಂದರೆ ಸಾಲ ಮಾಡಿಯಾದರೂ ಊರಿಗೆ ಓಡುತ್ತಾರೆ.” ಈಕೆಯೂ ಓಡುತ್ತಾಳೆ. ದಡ್ಡಿಯ ಭಾವೇಶ್ವರಿ ಜಾತ್ರೆಗೆ ಮನೆಮಂದಿಯೆಲ್ಲ ಹೋಗಿ, ನೆಂಟರಿಷ್ಟರಿಗೆ ಒಂದು ಊಟ ಹಾಕಿ ಬರುತ್ತಾರೆ. ನನಗೂ ಇದು ಒಮ್ಮೆ ದುಂದೆಂದು ತೋರಿತ್ತು.

ಆದರೆ ಲೆಕ್ಕ ಹಾಕಿ ನೋಡಿ. ಲಾಕ್‌ಡೌನಿನ ದಿನಗಳಲ್ಲಿ ಈ ಸಂಸಾರಕ್ಕೆ ಜೋಳ ಅಳೆದು ಕೊಟ್ಟವರು ಯಾರು? ಅತ್ತೆ ಜಾರಿ ಬಿದ್ದಾಗ ಆಸ್ಪತ್ರೆಗೆ ಹೊತ್ತು ತಂದವರು ಯಾರು? ಜಾತ್ರೆಯ ಊಟಕ್ಕೆ ಕುಳಿತವರೇ. ಬ್ಯಾಂಕು ಯಾರನ್ನು ಒಳಗೆ ಕರೆಯುವುದಿಲ್ಲವೋ, ವಿಮೆ ಯಾರಿಗೆ ಎಟಕುವುದಿಲ್ಲವೋ ಅವರಿಗೆ ಬಂಧುಬಳಗವೇ ಬ್ಯಾಂಕು, ಬಂಧುಬಳಗವೇ ವಿಮೆ. ಜಾತ್ರೆಯ ಊಟ ಆ ವಿಮೆಯ ವರ್ಷಾವಧಿ ಕಂತು. ಯಾವ ವರ್ಷ ಆ ಕಂತನ್ನು ಕಟ್ಟಲಾಗದೆ ಮುಖ ಮರೆಸಿಕೊಂಡು ನಗರದಲ್ಲೇ ಉಳಿಯುತ್ತಾರೋ ಆ ವರ್ಷದಿಂದ ಅವರು ನಿಜವಾಗಿ ಬಡವರಾಗುತ್ತಾರೆ. ಮೆಕ್ಸಿಕೋದ ಆ ವಿದುಷಿ ಕಂಡ ಒಂಟಿತನ ಇದೇ. ನಮ್ಮ ಮಕ್ಕಳ ಪ್ರಥಮ ಪರಮಪ್ರಸಾದಕ್ಕೆ ಇನ್ನೂರು ಜನರಿಗೆ ಊಟ ಹಾಕುವ ನಾವು ಅವರ ಜಾತ್ರೆಯ ಊಟವನ್ನು ದುಂದೆನ್ನುವ ಮುನ್ನ ಸ್ವಲ್ಪ ತಡೆಯೋಣ.

ಸಂಜೆಯೊಳಗಿನ ಕೂಲಿ

ಉಪದೇಶ ಮಾಡುವ ಮುನ್ನ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಗುರುದೀಕ್ಷೆಯಾದ ಹೊಸತರಲ್ಲಿ ಒಂದು ಧರ್ಮಕೇಂದ್ರದ ಹೊಣೆ ನನ್ನ ಮೇಲಿತ್ತು. ಹಬ್ಬದ ತಿಂಗಳು. ದೀಪಾಲಂಕಾರ, ಬ್ಯಾಂಡು, ಊಟದ ಖರ್ಚುಗಳ ನಡುವೆ ಗುರುನಿವಾಸದ ಅಡುಗೆಯ ತಾಯಿಗೆ, ‘ಸಂಬಳ ಹಬ್ಬ ಮುಗಿದ ಮೇಲೆ ಕೊಡುತ್ತೇನಮ್ಮ’ ಎಂದೆ. ಆಕೆ “ಆತ್ರಿ ಫಾದರ್” ಎಂದಳು. ಆಕೆ ಮಗನ ಪರೀಕ್ಷೆಯ ಶುಲ್ಕಕ್ಕಾಗಿ ಎರಡು ಹಿತ್ತಾಳೆ ಕೊಡಗಳನ್ನು ಬಡ್ಡಿಗೆ ಒತ್ತೆಯಿಟ್ಟಳೆಂದು ನನಗೆ ತಿಳಿದದ್ದು ತಿಂಗಳುಗಳಾದ ಮೇಲೆ. ಸಂತರ ಹಬ್ಬಕ್ಕೆ ಆಕೆ ಬಡ್ಡಿ ಕಟ್ಟಿದಳು. ಆಕೆ ಹೊಂದಿಕೊಂಡಳು; ನಾನು ನಿಶ್ಚಿಂತೆಯಿಂದ ನಿದ್ರಿಸಿದೆ.

ಗುರುಮಠದ ತರಗತಿಯಲ್ಲಿ ನಾನು 1891ರ ಪರಿಪತ್ರವನ್ನು ಅಭ್ಯಾಸ ಮಾಡಿ ಉತ್ತಮ ಅಂಕ ಪಡೆದವನು! ದುಡಿಯುವವನ ಬಡತನವನ್ನು ಬಳಸಿಕೊಂಡು ಕಡಿಮೆ ಕೂಲಿಗೆ ಒಪ್ಪಿಸುವುದು ಅನ್ಯಾಯವೆಂದು ಪೋಪ್ ಹದಿಮೂರನೆಯ ಲಿಯೋ ಅದರಲ್ಲಿ ಸ್ಪಷ್ಟಪಡಿಸಿದ್ದರು. ನ್ಯಾಯವಾಗಿ ಸಲ್ಲಬೇಕಾದುದನ್ನು ತಡೆಹಿಡಿದು ದಾನವಾಗಿ ಕೊಡುವುದು ಅದಕ್ಕೆ ಪರಿಹಾರವಲ್ಲವೆಂದು ಹನ್ನೊಂದನೆಯ ಪಯಸ್ 1931ರಲ್ಲಿ ಮತ್ತೆ ನೆನಪಿಸಿದರು. ಅದಕ್ಕೂ ಎಷ್ಟೋ ಶತಮಾನಗಳ ಹಿಂದೆ, ಬಡ ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮುನ್ನ ಕೊಡಬೇಕೆಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ವಿಧಿಸಿತ್ತು. ಕಾರಣ ಸರಳ: ಅವನು ಅದನ್ನೇ ನೆಚ್ಚಿಕೊಂಡಿದ್ದಾನೆ. ಕ್ರಿಸ್ಮಸ್ಸಿಗೆ ನಾವು ಕೊಡುವ ಅಕ್ಕಿಯ ಚೀಲ, ಹಳೆಯ ಸೀರೆ ಒಳ್ಳೆಯವೇ. ಆದರೆ ಹನ್ನೆರಡು ತಿಂಗಳು ಕಡಿಮೆ ಕೊಟ್ಟು ಹದಿಮೂರನೆಯ ಕೈಯಿಂದ ದಾನ ಮಾಡುವುದು ಯಾವ ಲೆಕ್ಕಕ್ಕೆ ಸೇರುತ್ತದೆ?

ಇದು ಧರ್ಮದ ಮಾತು ಮಾತ್ರವಲ್ಲ, ನಾಡಿನ ಕಾನೂನಿನ ಮಾತು ಕೂಡ. ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿಪಡಿಸಿ ಕರ್ನಾಟಕ 2004ರಲ್ಲಿಯೇ ಅಧಿಸೂಚನೆ ಹೊರಡಿಸಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಮನೆಗೆಲಸವನ್ನೂ ಘನತೆಯ ದುಡಿಮೆಯೆಂದು ಸಾರಿ 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಇನ್ನೂ ಅದಕ್ಕೆ ಅನುಮೋದನೆ ನೀಡಿಲ್ಲ. ಸರಕಾರವನ್ನು ದೂರುವುದು ಸುಲಭ. ನಮ್ಮ ಅಡುಗೆಮನೆಗಳು ಅನುಮೋದನೆ ನೀಡಲು ದೆಹಲಿಯ ಅಪ್ಪಣೆ ಬೇಕೇ?

ಆದುದರಿಂದ, ಪ್ರಿಯರೇ, ಈ ತಿಂಗಳಿಂದಲೇ ಮಾಡಬಹುದಾದ ಕೆಲವನ್ನು ನಿಮ್ಮ ಮುಂದಿಡುತ್ತೇನೆ. ಸಂಬಳಕ್ಕೊಂದು ದಿನ ಗೊತ್ತು ಮಾಡಿ, ಅದನ್ನು ತಪ್ಪಿಸಬೇಡಿ. ವಾರಕ್ಕೊಂದು ರಜೆ ಕೊಡಿ. ಜ್ವರಕ್ಕೆ, ಜಾತ್ರೆಗೆ ಸಂಬಳ ಕತ್ತರಿಸಬೇಡಿ. ಸರಕಾರ ಕೊಟ್ಟದ್ದನ್ನು ನಿಮ್ಮ ಸಂಬಳದಿಂದ ಕಳೆಯಬೇಡಿ. ಅದು ಆಕೆಗೆ ಬಂದದ್ದು, ನಿಮಗಲ್ಲ. ನೀವು ಊರಿಗೆ ಹೋದ ಹದಿನೈದು ದಿನ ಆಕೆಯ ಹೊಟ್ಟೆಗೆ ರಜೆಯಿರುವುದಿಲ್ಲವೆಂದು ನೆನಪಿಡಿ. 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿ ಆಕೆಗೆ ಆಗಿದೆಯೇ ಎಂದು ಕೇಳಿ, ಆಗಿರದಿದ್ದರೆ ನಿಮ್ಮ ಮನೆಯ ಕಾಲೇಜು ಓದುವ ಮಗನಿಗೆ ಆ ಕೆಲಸ ಹಚ್ಚಿ. ಆಕೆಯ ಮಗಳು ಯಾವ ತರಗತಿಗೆ ಶಾಲೆ ಬಿಟ್ಟಳೆಂದು ವಿಚಾರಿಸಿ. ಧರ್ಮಕೇಂದ್ರದ ಪಾಲನಾ ಮಂಡಳಿಗಳಿಗೆ, ನನ್ನ ಗುರುಬಂಧುಗಳಿಗೆ ನನ್ನ ವಿನಂತಿ: ದೇವಾಲಯದ ಕಸ ಗುಡಿಸುವವರ, ಶಾಲೆಯ ಆಯಾಗಳ, ಗುರುನಿವಾಸದ ಅಡುಗೆಯವರ ಸಂಬಳದ ಪಟ್ಟಿಯನ್ನು ಒಮ್ಮೆ ಹಬ್ಬದ ಖರ್ಚಿನ ಪಟ್ಟಿಯ ಪಕ್ಕದಲ್ಲಿಟ್ಟು ಓದಿ.

ಇಷ್ಟರಿಂದ ಬಡತನ ನೀಗದೆಂದು ನನಗೂ ಗೊತ್ತು. ಫೌಂಡ್ರಿಯ ಗುತ್ತಿಗೆ, ಮಗ್ಗದ ಮಜೂರಿ, ಸಾಲದ ಕಂತು ನಮ್ಮೊಬ್ಬರ ಕೈಯಲ್ಲಿಲ್ಲ. ಅವುಗಳಿಗೆ ಸಂಘಟನೆ ಬೇಕು, ಕಾನೂನು ಬೇಕು, ಮತ ಹಾಕುವಾಗಿನ ವಿವೇಕ ಬೇಕು. ಆದರೆ ಒಂದು ಸಂಸಾರದ ಬುನಾದಿಯಲ್ಲಿ ನಾವಿಟ್ಟ ಕಲ್ಲು ಒಂದಿದೆ. ಆ ಒಂದನ್ನಾದರೂ ಅಲುಗಾಡದಂತೆ ಇಡುವುದು ನಮ್ಮ ಕೈಯಲ್ಲಿದೆ.

ಮೊನ್ನೆ ಆ ಮನೆಗೆ ಮತ್ತೆ ಹೋಗಿದ್ದೆ. ಮನೆಯೊಡತಿ ನನ್ನನ್ನು ಬದಿಗೆ ಕರೆದು ತುಸು ಹಿಂಜರಿಯುತ್ತ ಹೇಳಿದರು: “ಫಾದರ್, ಆ ಹುಡುಗಿ ಪಿಯುಸಿಗೆ ಹೊರಗಿನಿಂದ ಪರೀಕ್ಷೆ ಕಟ್ಟಬಹುದಂತೆ. ಸಂಬಳ ಸ್ವಲ್ಪ ಹೆಚ್ಚಿಸಿದ್ದೇನೆ. ಶುಲ್ಕವನ್ನು ಬೇರೆಯಾಗಿ ಕೊಡಲೋ ಎಂದು ಕೇಳಿದರೆ, ಬೇಡ, ಸಂಬಳದಲ್ಲೇ ಕಟ್ಟುತ್ತೇನೆ ಎಂದಳು.” ದಾನ ಬೇಡವೆಂದು, ಕೂಲಿ ಸಾಕೆಂದು ಆ ತಾಯಿ ಹೇಳಿದ್ದಾಳೆ. ನಮ್ಮ ಹೊಗಳಿಕೆಗೆ ಇದಕ್ಕಿಂತ ಸೌಮ್ಯವಾದ ಉತ್ತರ ಇನ್ನೇನು ಬೇಕು?